ಒಳಕಲ್ಲಿಗೆ ಮೂರು ಸುತ್ತು

ನಾನು ನಾಯಿ ಸಾಕಿದವಳಲ್ಲ. ನಮ್ಮ ಮನೆಯಲ್ಲಿ ಯಾರೂ ಸಾಕಿದವರಲ್ಲ. ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ನಾಯಿ ಅಂದರೆ ಬೀದಿಯದು. ಉಳಿದ ಮುದ್ದೆ ಹಾಕಿದರೆ ತಿನ್ನುತ್ತೆ, ಹಾಕದಿದ್ದರೆ ಪಕ್ಕದ ಮನೆ ಮುಂದೆ ಹೋಗಿ ನಿಲ್ಲುತ್ತೆ. ಅದಕ್ಕೊಂದು ಬೆಲ್ಟು ಕಟ್ಟಿ, ಇಂಜೆಕ್ಷನ್ ಹಾಕಿಸಿ, ಬೆಳಗ್ಗೆ ಸಂಜೆ ಎಳೆದುಕೊಂಡು ತಿರುಗುವವರನ್ನು ಕಂಡರೆ, ಇವರಿಗೆ ಬೇರೆ ಕೆಲಸ ಇಲ್ವೇನೋ ಅಂದುಕೊಳ್ಳುತ್ತಿದ್ದೆ. ಅಂಥವಳು ನಲವತ್ತಾರನೇ ವಯಸ್ಸಿಗೆ ಒಂದು ನಾಯಿ ತರಬೇಕೋ ಬೇಡವೋ ಅಂತ ಮೂರು ವಾರ ಒದ್ದಾಡಿದೆ. ನಗಬೇಡಿ. ಅಕ್ಕನ ಪ್ರಾಣ ಆ ತೀರ್ಮಾನದ ಮೇಲೆ ನಿಂತಿದೆ ಅಂತ ನನಗೆ ಅನ್ನಿಸಿಬಿಟ್ಟಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಂಗಾರಪೇಟೆಯ ಮನೆಯಲ್ಲಿ ನಾವಿಬ್ಬರೇ. ಅವಳ ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ನಾನು ಮದುವೆ ಆಗಲಿಲ್ಲ. ಅವಳು ರವಿಕೆ ಹೊಲಿಯುತ್ತಿದ್ದಳು. ಕೆಜಿಎಫ್‌ನಿಂದ ಬಸ್ಸು ಹತ್ತಿಕೊಂಡು ಬಂದು ಹೊಲಿಸುವವರಿದ್ದರು. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಎಂಟು ವರ್ಷ. ಎತ್ತಿ ಕೂರಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಬೈಸಿಕೊಳ್ಳುವುದು, ಎಲ್ಲಾ ಅಕ್ಕನೇ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕತ್ತಲಿರುವಾಗಲೇ ರೈಲು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತೇನೆ. ಹೋದ ವರ್ಷ ಅಮ್ಮ ಹೋದಳು. ತಿಥಿ ಮುಗಿದ ಮಾರನೇ ದಿನ ಅಕ್ಕ ಅಮ್ಮನ ಸೀರೆಯೊಂದನ್ನು ಹೊಲಿಗೆ ಮೆಷಿನ್ ಮೇಲೆ ಮುಚ್ಚಿ, ಅಮ್ಮನ ಮಂಚದಲ್ಲೇ ಮಲಗಿದಳು.

ದಣಿದಿದ್ದಾಳೆ, ಮಲಗಲಿ ಅಂದುಕೊಂಡೆ. ಒಂದು ತಿಂಗಳಾಯಿತು, ಎರಡಾಯಿತು. ತಲೆ ಬಾಚುವುದು ಬಿಟ್ಟಳು. ಬೆಳಗ್ಗೆ ಮಾಡಿಟ್ಟ ಅನ್ನ ಸಂಜೆಗೆ ಹಾಗೇ ಇರುತ್ತಿತ್ತು. ಕೋಲಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಮಾತ್ರೆ ಕೊಟ್ಟರು. ಅವರ ಮುಂದೆ ಅಕ್ಕ ನೆಟ್ಟಗೆ ಕೂತು, "ಏನಿಲ್ಲ ಸಾರ್, ಸ್ವಲ್ಪ ನಿದ್ದೆ ಕಮ್ಮಿ" ಅಂದಳು. ನಾನೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದೆ. ಅದಕ್ಕೆ ನನ್ನನ್ನು ನಾನು ಈಗಲೂ ಬೈದುಕೊಳ್ಳುತ್ತೇನೆ.

ಒಂದು ಗುರುವಾರ ಸಂಜೆ ರೈಲು ಇಳಿದಾಗ, ಪ್ಲಾಟ್‌ಫಾರ್ಮಿನಲ್ಲಿ ಸೀಬೆಹಣ್ಣು ಮಾರುವವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಮಧ್ಯಾಹ್ನ ಅಕ್ಕ ಪ್ಲಾಟ್‌ಫಾರ್ಮ್ ಮುಗಿದು ಇಳಿಜಾರಾಗುವ ಜಾಗದಲ್ಲಿ, ಕಂಬಿಯಿಂದ ನಾಲ್ಕು ಹೆಜ್ಜೆ ಆಚೆ, ಬರಿಗಾಲಲ್ಲಿ ಕೂತಿದ್ದಳಂತೆ. ಗುರುತು ಹಿಡಿದು ಇವಳೇ ಎಬ್ಬಿಸಿ ಮನೆಗೆ ಬಿಟ್ಟು ಬಂದಿದ್ದಳು. ಮನೆಗೆ ಹೋಗಿ ಕೇಳಿದರೆ ಅಕ್ಕ, "ಸುಮ್ನೆ ಕುಂತಿದ್ದೆ ಕಣೇ. ಗಾಳಿ ಬತ್ತಿತ್ತು" ಅಂದಳು. ಯಾಕೆ ಹೋಗಿದ್ದಳು ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತು ಅನ್ನುವುದು ಅವಳಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತದೆ ಊಟ ಮಾಡಿದೆವು.

ಒಂದು ತಿಂಗಳು ರಜೆ ಹಾಕಿ ಅವಳ ಪಕ್ಕ ಕೂತೆ. "ಕಾವಲು ಕಾಯ್ತಿದೀಯಾ?" ಅಂತ ಗೋಡೆ ಕಡೆ ತಿರುಗಿ ಮಲಗಿದಳು. ರಜೆ ಮುಗಿಯಿತು. ಹಗಲು ಹೊತ್ತು ಇರಲಿ ಅಂತ ಬೀದಿಯ ಕೊನೆಯ ಮನೆಯ ಒಬ್ಬಾಕೆಯನ್ನು ಗೊತ್ತುಮಾಡಿದೆ. ಎರಡೇ ದಿನಕ್ಕೆ ಅಕ್ಕ ಅವಳನ್ನು ಬೈದು ಓಡಿಸಿದಳು. ಆಮೇಲೆ ನನ್ನ ದಿನಗಳು ಹೇಗಿದ್ದವು ಅಂದರೆ, ಯಾರದೋ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಇರುವೆ ಕಚ್ಚಿದಂಗೆ ಅಷ್ಟೇ ಸಾರ್ ಅನ್ನುತ್ತಾ ಸೂಜಿ ಚುಚ್ಚುವಾಗಲೂ ಕಿವಿ ಫೋನಿನ ಮೇಲೆ. ನಾನು ಮಾಡಿದರೆ ಅವಳು ಎತ್ತಲ್ಲ. ಬೇರೆ ಯಾವುದಾದರೂ ನಂಬರಿನಿಂದ ಫೋನ್ ಬಂದರೆ ಕೈಗವಸು ಬಿಚ್ಚದೆಯೇ ಎತ್ತುತ್ತಿದ್ದೆ. ಸಂಜೆ ರೈಲು ಬಂಗಾರಪೇಟೆ ಹತ್ತಿರ ನಿಧಾನ ಮಾಡಿದರೆ ಸಾಕು, ಮುಂದೆ ಏನಾಗಿದೆಯೋ ಅಂತ ಬಾಗಿಲಿಗೆ ಬಂದು ಕಂಬಿ ಕಡೆ ಬಗ್ಗಿ ನೋಡುತ್ತಿದ್ದೆ.

ನಾನು ಹತ್ತುವ ರೈಲು ಮಾರಿಕುಪ್ಪಂನಿಂದ ಹೊರಟು ಬರುತ್ತೆ. ಅದಕ್ಕೆ ಕೆಜಿಎಫ್‌ನವರು ಆಗಲೇ ಸೀಟು ಹಿಡಿದಿರುತ್ತಾರೆ. ಅವರಲ್ಲೊಬ್ಬಳು ಹನ್ನೊಂದು ವರ್ಷದಿಂದ ನನಗಾಗಿ ಕಿಟಕಿ ಪಕ್ಕ ಟಿಫನ್ ಬ್ಯಾಗ್ ಇಟ್ಟು ಜಾಗ ಕಾಯುವವಳು. ಅವಳಿಗೆ ಮಾತ್ರ ಎಲ್ಲಾ ಹೇಳಿದ್ದೆ. ಒಂದು ದಿನ ಅವಳು, "ಆಂಡರ್ಸನ್‌ಪೇಟೆಲಿ ನಮ್ ಬೀದಿ ಅಜ್ಜಿ ಒಂದು ನಾಯಿ ಕೊಡ್ತಾರಂತೆ. ಮಗಳ ಮನೆಗೆ ಹೊಸೂರಿಗೆ ಹೋಗ್ತಿದಾರೆ, ಅಲ್ಲಿ ಅಪಾರ್ಟ್‌ಮೆಂಟು, ನಾಯಿ ಬಿಡಲ್ಲ. ನಿಮ್ಮಕ್ಕನಿಗೆ ಜೊತೆಗಾಗುತ್ತೆ ನೋಡು" ಅಂದಳು. ನನಗೆ ಸಿಟ್ಟೇ ಬಂತು. ನನ್ನಕ್ಕ ಸಾಯೋಕೆ ಕೂತಿದ್ದಾಳೆ, ಇವಳು ನಾಯಿ ಅಂತಾಳಲ್ಲ ಅಂತ. ಕೆಆರ್ ಪುರ ಬರುವವರೆಗೆ ಮಾತಾಡಲಿಲ್ಲ. ಇಳಿಯುವಾಗ, "ಎಷ್ಟು ತಿಂಗಳದು?" ಅಂತ ಕೇಳಿದೆ.

ಹತ್ತು ತಿಂಗಳದು. ಭಾನುವಾರ ನೋಡಲು ಹೋದೆ. ಅಜ್ಜಿ ಬಾಗಿಲು ತೆಗೆದಿದ್ದೇ ತಡ, ಬೆಲ್ಲದ ಬಣ್ಣದ ಒಂದು ಪ್ರಾಣಿ ಬಂದು ಎರಡೂ ಮುಂಗಾಲು ನನ್ನ ಎದೆ ಮೇಲಿಟ್ಟಿತು. ದುಪಟ್ಟಾ ಹಿಡಿದು ಎಳೆಯಿತು, ಬಿಡಿಸಿಕೊಳ್ಳೋಕೆ ಹೋದರೆ ಆಟ ಅಂದುಕೊಂಡು ಇನ್ನೂ ಎಳೆಯಿತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಅಜ್ಜಿ ತಮಿಳಲ್ಲಿ ಗದರಿ ಹಗ್ಗ ಹಿಡಿದುಕೊಂಡರು. ಹಸು ಕಟ್ಟುವ ಹಗ್ಗ, ಅಷ್ಟುದ್ದ. ಚೈನುಗಳನ್ನೆಲ್ಲ ಕಿತ್ತುಹಾಕಿತ್ತಂತೆ.

ಆ ಅಜ್ಜಿ ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. "ಕೆಟ್ಟ ನಾಯಿ ಅಲ್ಲಮ್ಮ, ವಯಸ್ಸು ಅಷ್ಟೇ. ಮರಿನೂ ಅಲ್ಲ, ನಾಯಿನೂ ಅಲ್ಲ. ಚಪ್ಪಲಿ ಬಿಡಲ್ಲ. ಸ್ಕೂಟರ್ ಹಿಂದೆ ಓಡುತ್ತೆ. ಹೇಳಿದ್ ಮಾತು ಒಂದೂ ಕೇಳಲ್ಲ, ನಾಲ್ಕು ತಿಂಗಳ ಮುಂಚೆ ಕೇಳ್ತಿತ್ತು, ಈಗ ಮರೆತಂಗೆ ಆಡುತ್ತೆ. ದೊಡ್ಡ ತೊಂದರೆ ಏನಂದ್ರೆ, ಒಬ್ಬರನ್ನ ಹಿಡ್ಕೊಂಡ್ರೆ ಆಯ್ತು. ಬೇರೆಯವರ ಕೈಗೆ ಹಗ್ಗ ಕೊಟ್ರೆ ನಿಲ್ಲಲ್ಲ. ಅರಚುತ್ತೆ, ಅವರನ್ನೇ ಬೀಳಿಸಿ ಓಡಿ ಬರುತ್ತೆ." ಆಮೇಲೆ ದನಿ ತಗ್ಗಿಸಿ, "ಅಳಿಯ ಹೇಳ್ತಾರೆ, ಆ ಗಣಿ ಮಣ್ಣಿನ ಸಯನೈಡ್ ದಿಬ್ಬದ ಹತ್ರ ಬಿಟ್ಬಿಡಿ ಅಂತ" ಅಂದರು. ಅವರ ಕಣ್ಣು ತುಂಬಿತ್ತು. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ.

ಆ ಯೋಚನೆಯೇ ಮೂರು ವಾರ. ರೈಲಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಮರಿ ತಗೋ, ಹೇಳಿದಂಗೆ ಕೇಳುತ್ತೆ ಅಂದಳೊಬ್ಬಳು. ಮರಿಗೆ ದಿನಕ್ಕೆ ನಾಲ್ಕು ಸಲ ಊಟ ಹಾಕಬೇಕು. ಅಕ್ಕ ಹಾಕದೆ ಮಲಗಿ, ಅದು ಅವಳ ಕಣ್ಣೆದುರೇ ಸತ್ತರೆ? ವಯಸ್ಸಾದ ನಾಯಿ ತಗೋ, ಸುಮ್ಮನೆ ಬಿದ್ದಿರುತ್ತೆ ಅಂದಳು ಇನ್ನೊಬ್ಬಳು. ಸುಮ್ಮನೆ ಬಿದ್ದಿರೋಕೆ ನಮ್ಮನೇಲಿ ಆಗಲೇ ಒಬ್ಬಳಿದ್ದಾಳೆ ಅಂತ ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಈ ಪ್ರಾಯದ ನಾಯಿಗಾದರೋ ಮೈ ತುಂಬ ಬಲ, ತಲೆಯಲ್ಲಿ ಬುದ್ಧಿ ಇಲ್ಲ. ಅಕ್ಕನ ಮೊಣಕಾಲು ಮೊದಲೇ ಸರಿಯಿಲ್ಲ, ಎಳೆದು ಬೀಳಿಸಿದರೆ ಏನು ಗತಿ? ಇನ್ನೊಂದು ಯೋಚನೆಯೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅಕ್ಕ ಹೋಗಿಯೇ ಬಿಟ್ಟರೆ, ಬಾಗಿಲು ಹಾಕಿದ ಆ ಮನೆಯಲ್ಲಿ ಸಂಜೆವರೆಗೆ ಆ ನಾಯಿ ಏನು ಮಾಡಬೇಕು? ನಮ್ಮ ಸಂಕಟದೊಳಗೆ ಇನ್ನೊಂದು ಜೀವ ತಂದು ಹಾಕೋಕೆ ನನಗೇನು ಅಧಿಕಾರ?

ಅಕ್ಕನನ್ನೇ ಕೇಳಿದೆ. "ತತ್ತೀಯೋ ಬಿಡ್ತೀಯೋ, ನನ್ ಕೇಳ್ಬ್ಯಾಡ" ಅಂದಳು. ಬೇಡ ಅನ್ನಲಿಲ್ಲವಲ್ಲ ಅಂತ ಅಷ್ಟಕ್ಕೇ ನಾನು ಜೋತುಬಿದ್ದೆ. ಬೇರೆ ಏನು ಉಳಿದಿತ್ತು ನನ್ನ ಕೈಯಲ್ಲಿ? ಅಜ್ಜಿಗೆ ಫೋನ್ ಮಾಡಿದೆ. ಅವರು, "ಒಂದು ವಾರ ಇಟ್ಕೊಂಡು ನೋಡಮ್ಮ. ಆಗಲಿಲ್ಲ ಅಂದ್ರೆ ಭಾನುವಾರ ತಂದುಬಿಡು. ಸೋಮವಾರ ನಾನು ಹೊರಡ್ತೀನಿ" ಅಂದರು.

ನಾಯಿ ಅಂದರೆ ಆಟೋದವರು ಬರಲ್ಲ ಅಂದರು. ಕೊನೆಗೆ ಲಗೇಜ್ ಆಟೋದ ಹಿಂದೆ ಅದನ್ನು ತಬ್ಬಿಕೊಂಡು ಕೂತು ಬಂಗಾರಪೇಟೆವರೆಗೆ ಬಂದೆ. ಬಂದವಳೇ ಹಿತ್ತಲಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಹೊಸ ಕೋಳಿಯನ್ನೋ ಬೆಕ್ಕನ್ನೋ ಮನೆಗೆ ತಂದರೆ, ಎತ್ತಿಕೊಂಡು ಒಳಕಲ್ಲಿನ ಸುತ್ತ ಮೂರು ಸುತ್ತು ಹಾಕಿಸಿ ಆಮೇಲೆ ಕೆಳಗೆ ಬಿಡುವುದು. ಹಾಗೆ ಮಾಡಿದರೆ ಮನೆ ಬಿಟ್ಟು ಹೋಗಲ್ಲ ಅಂತ. ಅಮ್ಮ ತಪ್ಪದೆ ಮಾಡುತ್ತಿದ್ದಳು. ಮಿಕ್ಸಿ ಬಂದ ಮೇಲೆ ನಮ್ಮ ಒಳಕಲ್ಲು ಪಾತ್ರೆ ಬೋರಲು ಹಾಕುವುದಕ್ಕೆ ಉಳಿದಿತ್ತು. ನಾಯಿಗೂ ಇದನ್ನು ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಓಡಿಹೋಗದಿದ್ದರೆ ಸಾಕು ಅಂತ, ಇಪ್ಪತ್ತು ಕೇಜಿ ಮೀರಿದ ಆ ಪ್ರಾಣಿಯನ್ನು ಎತ್ತೋಕೆ ಹೋದೆ. ಮುಂದಿನ ಅರ್ಧ ನನ್ನ ತೋಳಲ್ಲಿ, ಹಿಂದಿನ ಅರ್ಧ ನೆಲದ ಮೇಲೆ. ಅದು ನನ್ನ ಮೂಗು ನೆಕ್ಕಿತು.

"ಅದೇನ್ ಮಾಡ್ತಿದೀಯೇ?"

ಹಿತ್ತಲ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ತಾನಾಗಿ ಮಂಚದಿಂದ ಇಳಿದು ಅಲ್ಲಿವರೆಗೆ ಬಂದು ಎಷ್ಟು ತಿಂಗಳಾಗಿತ್ತೋ. "ಒಳಕಲ್ಲು ಸುತ್ತಿಸ್ತಿದೀನಿ" ಅಂದೆ.

"ಅದೇನು ಕೋಳಿನಾ ಎತ್ಕೊಂಡು ಸುತ್ತೋಕೆ? ಕೊಡಿಲ್ಲಿ."

ಹಗ್ಗ ಇಸಿದುಕೊಂಡು ತಾನು ಮುಂದೆ ನಡೆದಳು, ಹಿಂದೆ ಬರಲಿ ಅಂತ. ನಾಯಿ ಕುಂಡಿ ಊರಿ ಕೂತೇಬಿಟ್ಟಿತು. ಅಕ್ಕ ನಿಲ್ಲಿಸಲಿಲ್ಲ. ಹಗ್ಗ ಹಿಡಿದುಕೊಂಡು, "ಬಾರ್ಲಾ, ಬಾರ್ಲಾ" ಅನ್ನುತ್ತಾ ಒಂದು ಸುತ್ತು ಹಾಕಿದಳು, ಎರಡು ಹಾಕಿದಳು, ಮೂರು ಹಾಕಿದಳು. ಹಗ್ಗವೆಲ್ಲ ಕಲ್ಲಿಗೆ ಸುತ್ತಿಕೊಂಡಿತು. ನಾಯಿ ಕೂತಲ್ಲೇ ಕೂತು ಅವಳು ಹೋದ ಕಡೆಯೆಲ್ಲ ಕತ್ತು ತಿರುಗಿಸಿ ನೋಡುತ್ತಿತ್ತು. "ಮೂರಾಯ್ತು ಬಿಡು" ಅಂದು ಹಗ್ಗ ಬಿಡಿಸಿ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಮಲಗಿದಳು. ನಾನು ಒಬ್ಬಳೇ ನಿಂತು ನಕ್ಕೆ. ಶಾಸ್ತ್ರ ಕೆಟ್ಟಿತು, ಇದು ಓಡಿಹೋಗೋದು ಗ್ಯಾರಂಟಿ ಅಂದುಕೊಂಡೆ.

ಓಡಿಹೋಗಲಿಲ್ಲ. ಆ ವಾರ ಅದು ನಮ್ಮ ಮನೆಯನ್ನೇ ಹರಿದುಹಾಕಿತು. ನನ್ನ ಎರಡು ಜೊತೆ ಚಪ್ಪಲಿ, ಪೊರಕೆ, ಬಾಗಿಲ ಮುಂದಿನ ಗೋಣಿತಾಟು. ಮೆಷಿನ್ ಮೇಲಿನ ಅಮ್ಮನ ಸೀರೆಯನ್ನು ದಿನಾ ಎಳೆದು ಬೀಳಿಸುತ್ತಿತ್ತಂತೆ, ಅಕ್ಕ ದಿನಾ ಎದ್ದು ಮುಚ್ಚುತ್ತಿದ್ದಳಂತೆ. ಅವಳು ಸ್ನಾನಕ್ಕೆ ಹೋದರೆ ಬಾಗಿಲು ಕೆರೆಯುತ್ತಿತ್ತು. ಮಂಚದ ಕೆಳಗೇ ಮಲಗುತ್ತಿತ್ತು. ಹಾಗಂತ ಅಕ್ಕ ಬದಲಾದಳು ಅಂತ ನಾನು ಸುಳ್ಳು ಬರೆಯಲಾರೆ. ಅದಕ್ಕೆ ಅನ್ನ ಹಾಕುತ್ತಿದ್ದಳು, ತಾನು ತಿನ್ನುತ್ತಿರಲಿಲ್ಲ. ಫೋನ್ ಎತ್ತುತ್ತಿರಲಿಲ್ಲ. ಅವಳ ಮುಖ ಹಾಗೇ ಇತ್ತು, ದೀಪ ಆರಿದ ಮನೆ ಥರ.

ಶುಕ್ರವಾರ ಸಂಜೆ ಬಂದಾಗ ಅಕ್ಕನ ತುಟಿ ಒಡೆದಿತ್ತು, ಮೊಣಕೈ ತರಚಿತ್ತು. ನಲ್ಲಿ ಹತ್ತಿರ ನೀರು ಹಿಡಿಯುವಾಗ ನಾಯಿ ಮೇಲೆ ಹಾರಿ ಬೀಳಿಸಿತ್ತು. ರಕ್ತ ನೋಡುವುದೇ ನನ್ನ ಕೆಲಸ, ಆದರೂ ಅವಳ ರವಿಕೆ ಮೇಲಿನ ಆ ಕಲೆ ನೋಡಿ ನನಗೆ ತಲೆ ಕೆಟ್ಟಿತು. ಅರ್ಧ ಉಳಿದಿದ್ದ ಪೊರಕೆಯಲ್ಲೇ ನಾಯಿಗೆ ಬಾರಿಸಿದೆ. ಅದು ಮಂಚದ ಕೆಳಗೆ ನುಗ್ಗಿತು. "ಒಡೀಬ್ಯಾಡ ಕಣೇ" ಅಂದಳು ಅಕ್ಕ. ನಾನು ಕೂಗಾಡಿದೆ. "ನಂಗಾಗಲ್ಲ ಅಕ್ಕ. ನಿನ್ನೊಬ್ಬಳನ್ನ ಉಳಿಸ್ಕೊಳ್ಳೋಕೇ ನಂಗಾಗ್ತಿಲ್ಲ, ಇದೊಂದು ಬೇರೆ. ನಾಡಿದ್ದು ವಾಪಸ್ ಬಿಟ್ ಬತ್ತೀನಿ." ಉಳಿಸಿಕೊಳ್ಳುವ ಮಾತು ಆ ಮನೆಯಲ್ಲಿ ಮೊದಲ ಸಲ ಬಾಯಿಂದ ಆಚೆ ಬಂದಿತ್ತು. ಅಕ್ಕ ನನ್ನನ್ನೇ ನೋಡಿ, "ಸರಿ" ಅಂದಳು.

ಶನಿವಾರ ಅರ್ಧ ದಿನ. ನಾಲ್ಕು ಗಂಟೆಗೆ ಮನೆ ಮುಟ್ಟಿದೆ. ಬಾಗಿಲು ಹಾರು ಹೊಡೆದಿತ್ತು. ಅಕ್ಕನ ಚಪ್ಪಲಿ ಹೊಸಿಲ ಪಕ್ಕ ಜೋಡಿಸಿಟ್ಟ ಹಾಗೇ ಇತ್ತು. ಮಂಚ ಖಾಲಿ, ಮಂಚದ ಕೆಳಗೂ ಖಾಲಿ. ನಾಯಿಯ ಹಗ್ಗವೂ ಇರಲಿಲ್ಲ. ಕರೆಯಲಿಲ್ಲ, ಹುಡುಕಲಿಲ್ಲ, ಬಂದ ದಾರಿಯಲ್ಲೇ ತಿರುಗಿ ಓಡಿದೆ.

ಸ್ಟೇಷನ್ನು ನಮ್ಮ ಮನೆಯಿಂದ ಹತ್ತು ನಿಮಿಷ. ಕಾಲು ಗಂಟೆಯ ಹಿಂದೆ ನಾನು ಅದೇ ಸ್ಟೇಷನ್ನಿನ ಇನ್ನೊಂದು ಬಾಗಿಲಿನಿಂದ, ತರಕಾರಿ ಏನು ತರಲಿ ಅಂತ ಯೋಚಿಸುತ್ತಾ ಆಚೆ ಬಂದಿದ್ದೆ. ದೇವರನ್ನು ನೆನೆದೆನೋ ಬೈದೆನೋ ನೆನಪಿಲ್ಲ. ನಿನ್ನೆ ಆ ಮಾತು ಆಡಿದೆನಲ್ಲ, ನಾನೇ ಆಡಿದೆನಲ್ಲ ಅಂತ ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಪ್ಲಾಟ್‌ಫಾರ್ಮಿಗೆ ಬಂದರೆ ನಡುವಿನ ಕಂಬಿ ಮೇಲೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಅಕ್ಕ ಕೂರುವ ಜಾಗ ಅದರ ಆಚೆ. ಒಂದೊಂದೇ ಡಬ್ಬಿ, ಮುಗಿಯುವುದೇ ಇಲ್ಲ. ಅಲ್ಲೇ ಕಂಬ ಹಿಡಿದು ನಿಂತೆ. ಆ ಗಾಡಿ ಮುಗಿಯಲಿ ಅಂತಲೂ ಬೇಡಿಕೊಂಡೆ, ಮುಗಿಯದೇ ಇರಲಿ ಅಂತಲೂ ಬೇಡಿಕೊಂಡೆ. ಕೊನೆಯ ಡಬ್ಬಿ ದಾಟಿತು.

ಅಕ್ಕ ಕೂತಿದ್ದಳು. ಬರಿಗಾಲು. ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು, ಕೈ ಕೆಂಪಗೆ ಬಾತಿತ್ತು. ನಾಯಿ ಅವಳ ತೊಡೆಗೆ ಒರಗಿ ನಾಲಿಗೆ ಚಾಚಿಕೊಂಡು ಏದುಸಿರು ಬಿಡುತ್ತಿತ್ತು. ಮೆಟ್ಟಿಲು ಹತ್ತಿ ಇಳಿದು ಹೇಗೆ ಅಲ್ಲಿಗೆ ಹೋದೆನೋ. ಹೋದವಳೇ ಅಕ್ಕನ ಬೆನ್ನ ಮೇಲೆ ಬಲವಾಗಿ ಒಂದು ಗುದ್ದು ಗುದ್ದಿದೆ. ನನ್ನನ್ನು ಎತ್ತಿ ಆಡಿಸಿದವಳಿಗೆ. ಆಮೇಲೆ ಅವಳ ಪಕ್ಕ ಕೂತು ಗೊಳೋ ಅಂತ ಅತ್ತೆ. ಅವಳು ಕಂಬಿ ನೋಡುತ್ತಾ ಮೆಲ್ಲಗೆ ಮಾತಾಡಿದಳು.

"ಮನೇಲೇ ಬಿಟ್ ಬಂದೆ ಕಣೇ. ಬಾಗ್ಲು ತಳ್ಕೊಂಡು, ಅಗ್ಗ ಎಳ್ಕೊಂಡು ಇಂದೆ ಬಂತು. ಸೀಬೆಕಾಯಿಯೋಳ ಕೈಗೆ ಅಗ್ಗ ಕೊಟ್ಟೆ, ಒಂದ್ ಗಳಿಗೆ ಇಡ್ಕೊಳಮ್ಮ ಅಂತ. ಅವಳ್ನೇ ಎಳ್ಕೊಂಡು ನನ್ನತ್ರ ಬಂತು. ಕಂಬಕ್ಕೆ ಕಟ್ಟಿದೆ, ಗಂಟು ಕಚ್ಚಿ ಬಿಚ್ಕೊಂಡು ಬಂತು. ಬಿಟ್ರೆ ನಂಗಿಂತ ಮುಂದೆ ಓಗಿ ಕಂಬಿ ಮೇಲೆ ನಿಂತ್ಕಂತದೆ. ಗಾಡಿ ಬಂತು. ಇನ್ನೇನ್ ಮಾಡ್ಲಿ? ಎಳ್ದು ಇಡ್ಕೊಂಡೆ. ಆಮೇಲೆ ಇನ್ನೊಂದು ಬಂತು, ಅದುಕ್ಕೂ ಇಡ್ಕೊಂಡೆ. ಪಾಪ, ಅದುಕ್ಕೇನ್ ಗೊತ್ತಾಗ್ತದೆ?"

ಆಮೇಲೆ, "ಕೈ ನೋಯ್ತಾ ಐತೆ, ಒಂಚೂರು ನೀನ್ ಇಡ್ಕೋ" ಅಂತ ಹಗ್ಗ ನನ್ನ ಕಡೆ ಚಾಚಿದಳು. ಕೈ ಮುಂದೆ ಮಾಡಿದವಳು ಹಿಂದಕ್ಕೆ ತೆಗೆದುಕೊಂಡೆ. "ನಂಗಾಗಲ್ಲ ಅಕ್ಕ. ನೀನೇ ಇಡ್ಕೋ" ಅಂದೆ. ಅವಳು ನನ್ನ ಮುಖ ನೋಡಿದಳು. ಹಗ್ಗ ಕೈ ಬದಲಾಯಿಸಿಕೊಂಡಳು. ಮನೆವರೆಗೂ ನಾಯಿ ಎಳೆಯಿತು, ಅವಳು ಅದರ ಹಿಂದೆ ನಡೆದಳು, ಅವಳ ಹಿಂದೆ ನಾನು.

ಭಾನುವಾರ ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ನನ್ನ ಕೈ ನಿಂತಿತು. ಅವತ್ತು ನಾಯಿ ಕೂತ ಜಾಗ ಬಿಟ್ಟು ಕದಲಿರಲಿಲ್ಲ. ಒಳಕಲ್ಲಿನ ಸುತ್ತ ಮೂರು ಸುತ್ತು ಹಾಕಿದವಳು ಅಕ್ಕ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಬೋರಲು ಹಾಕಿದ್ದ ಪಾತ್ರೆಗಳನ್ನು ಇಳಿಸಿ, ಕಲ್ಲು ತೊಳೆದು, ಕುಂಕುಮ ಇಟ್ಟೆ. ಆಮೇಲೆ ಅಜ್ಜಿಗೆ ಫೋನ್ ಮಾಡಿ ನಾಯಿ ವಾಪಸ್ ತರಲ್ಲ ಅಂದೆ. "ಒಗ್ಗಿಕೊಂಡಿತಾಮ್ಮ?" ಅಂತ ಕೇಳಿದರು. ಇಲ್ಲ, ನೀವು ಹೇಳಿದ ಒಂದು ಬುದ್ಧಿನೂ ಬಿಟ್ಟಿಲ್ಲ ಅಂದೆ.

ಸೋಮವಾರ ಕೋಲಾರಕ್ಕೆ ಹೋದೆವು. ಅಕ್ಕ ನೆಟ್ಟಗೆ ಕೂತು ಏನಿಲ್ಲ ಸಾರ್ ಅನ್ನೋಕೆ ಬಾಯಿ ತೆಗೆದಳು. ನಾನು ತಡೆದು, ಕಂಬಿಯಿಂದ ಹಿಡಿದು ಎಲ್ಲಾ ಹೇಳಿದೆ. ಡಾಕ್ಟರು ಮಾತ್ರೆ ಬದಲಾಯಿಸಿದರು, ವಾರಕ್ಕೊಮ್ಮೆ ಬಂದು ಮಾತಾಡಬೇಕು ಅಂದರು. ಹೋಗುತ್ತಿದ್ದೇವೆ. ಒಳ್ಳೆಯ ದಿನಗಳು ಕಮ್ಮಿ. ಮೆಷಿನ್ ಮೇಲಿನ ಸೀರೆ ಇನ್ನೂ ಹಾಗೇ ಇದೆ, ಅಂಚು ಮಾತ್ರ ನಾಯಿ ಕಚ್ಚಿ ಚಿಂದಿಯಾಗಿದೆ. ನನ್ನ ಭಯವೂ ಎಲ್ಲೂ ಹೋಗಿಲ್ಲ. ದಿನಾ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಫೋನ್ ಮಾಡುತ್ತೇನೆ. ಬೆಲ್ ಆಗುವಷ್ಟು ಹೊತ್ತೂ ಎಣಿಸುತ್ತಾ ನಿಂತಿರುತ್ತೇನೆ. ಕೆಲವು ದಿನ ಎತ್ತಲ್ಲ. ಎತ್ತಿದ ದಿನ ಮೊದಲು ನಾಯಿ ಬೊಗಳುವುದು ಕೇಳುತ್ತೆ, ಆಮೇಲೆ ಅಕ್ಕನ ದನಿ.

"ಇದೀನಿ ಕಣೇ. ಅಗ್ಗ ಕೈಲೈತೆ."